ಹುರುಪು ಹುಟ್ಟುವ ಬಗೆ

ಮಾಡುವ ಕೆಲಸದಲ್ಲಿ ಹುರುಪಿದ್ದರೆ ದಿನ ಹಗುರಾಗುತ್ತದೆ; ಅದಿಲ್ಲದಿದ್ದರೆ ಚಿಕ್ಕ ಕೆಲಸವೂ ಬೆಟ್ಟದಷ್ಟಾಗುತ್ತದೆ. ಈ ಹುರುಪನ್ನು ಹೊರಗಿನಿಂದ ಯಾರಾದರೂ ತುಂಬಬೇಕು ಎಂಬ ನಂಬಿಕೆ ಬಲವಾಗಿದೆ. ಶಾಲೆಯ ಗೋಡೆಗಳ ಮೇಲಿನ ಸುಭಾಷಿತ, ಕಚೇರಿಗಳಲ್ಲಿ ನಡೆಯುವ ಪ್ರೇರಣಾ ಭಾಷಣ, ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಶುಭೋದಯದ ಸಂದೇಶ, ಎಲ್ಲವೂ ಆ ನಂಬಿಕೆಯ ಮೇಲೆಯೇ ನಿಂತಿವೆ. ಕಳೆದ ಐವತ್ತು ವರ್ಷಗಳ ಮನೋವಿಜ್ಞಾನದ ಪ್ರಯೋಗಗಳು ತೋರಿಸಿರುವುದು ಬೇರೆಯೇ. ಮನಸ್ಸು ಉಪದೇಶಕ್ಕೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಅದು ಕೇಳುವುದು ಪುರಾವೆಯನ್ನು. ತನ್ನ ಕೈಯಿಂದ ಒಂದು ಕೆಲಸ ಆಯಿತು ಎಂಬ ಪುರಾವೆ ಸಿಕ್ಕರೆ ಆತ್ಮವಿಶ್ವಾಸ ಬೆಳೆಯುತ್ತದೆ. ತನ್ನಿಂದ ಇನ್ನೊಬ್ಬರಿಗೆ ಅನುಕೂಲವಾಯಿತು ಎಂಬ ಪುರಾವೆ ದಯೆಯ ಕೆಲಸಗಳಿಂದ ಸಿಗುತ್ತದೆ. ತನಗಾಗಿ ಯಾರೋ ತೊಂದರೆ ತೆಗೆದುಕೊಂಡಿದ್ದಾರೆ ಎಂಬುದನ್ನು ಗುರುತಿಸಿ ನೆನೆಯುವುದೇ ಕೃತಜ್ಞತೆ. ನಿತ್ಯದ ಬದುಕಿನ ಹುರುಪು ಹೆಚ್ಚಾಗಿ ಈ ಮೂರು ಕಡೆಯಿಂದಲೇ ಬರುತ್ತದೆ.

ಆತ್ಮವಿಶ್ವಾಸದ ಬಗ್ಗೆ ಇಂದು ನಡೆಯುವ ಚರ್ಚೆಗೆ ಬುನಾದಿ ಹಾಕಿದವರು ಆಲ್ಬರ್ಟ್ ಬಂಡೂರ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಪುಟ್ಟ ಊರೊಂದರಲ್ಲಿ 1925ರಲ್ಲಿ ಹುಟ್ಟಿದ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿ, 2021ರಲ್ಲಿ ತೀರಿಕೊಂಡರು. 1960ರ ದಶಕದ ಕೊನೆಯಲ್ಲಿ ಅವರೂ ಅವರ ಸಂಗಡಿಗರೂ ಹಾವಿನ ಭಯಕ್ಕೆ ಚಿಕಿತ್ಸೆ ನೀಡುವ ಪ್ರಯೋಗಗಳಲ್ಲಿ ತೊಡಗಿದ್ದರು. ಹಾವು ಕಂಡೀತೆಂದು ತೋಟಕ್ಕೆ ಕಾಲಿಡದವರು, ಕಾಡುಮೇಡು ಸುತ್ತುವ ಆಸೆಯನ್ನೇ ಬಿಟ್ಟವರು ಅಲ್ಲಿಗೆ ಬರುತ್ತಿದ್ದರು. ಅಂಥವರಿಗೆ ‘ಹೆದರಬೇಡಿ, ಇದು ಕಚ್ಚುವುದಿಲ್ಲ’ ಎಂದು ಹೇಳಿ ಪ್ರಯೋಜನವಿರಲಿಲ್ಲ. ಎದುರಿಗಿರುವುದು ನಿರಪಾಯಕಾರಿ ಹಾವು ಎಂಬುದು ಅವರ ಬುದ್ಧಿಗೆ ಗೊತ್ತಿತ್ತು, ಕೈಕಾಲಿಗೆ ಗೊತ್ತಿರಲಿಲ್ಲ.

ಆದ್ದರಿಂದ ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆಯಲಾಯಿತು. ಚಿಕಿತ್ಸಕರು ಹಾವನ್ನು ಎತ್ತಿ ಹಿಡಿದು ಆಡಿಸುವುದನ್ನು ಮೊದಲು ಗಾಜಿನ ಆಚೆಯಿಂದ ನೋಡಿದರಾಯಿತು. ಅದು ಅಭ್ಯಾಸವಾದ ಮೇಲೆ ಕೋಣೆಯೊಳಗೆ ಬಂದು ದೂರದಲ್ಲಿ ನಿಲ್ಲುವುದು, ಬರಬರುತ್ತಾ ಹತ್ತಿರ ಸರಿಯುವುದು. ಮುಂದೆ ದಪ್ಪ ಕೈಗವಸು ತೊಟ್ಟು, ಚಿಕಿತ್ಸಕರು ತಲೆ ಬಾಲ ಹಿಡಿದುಕೊಂಡಿರುವಾಗ ಹಾವಿನ ಮೈಯ ನಡುಭಾಗವನ್ನು ಮುಟ್ಟುವುದು. ಆಮೇಲೆ ಬರಿಗೈಯಲ್ಲಿ ಮುಟ್ಟುವುದು. ಕೊನೆಗೆ ಯಾರ ನೆರವೂ ಇಲ್ಲದೆ ಹಾವನ್ನು ಮಡಿಲಲ್ಲಿ ಬಿಟ್ಟುಕೊಂಡು ಕೂರುವುದು. ವರ್ಷಗಟ್ಟಲೆ ಕಾಡಿದ ಭಯ ಕೆಲವೇ ಗಂಟೆಗಳಲ್ಲಿ ಹೆಚ್ಚಿನವರನ್ನು ಬಿಟ್ಟು ಹೋಯಿತು. ಬಂಡೂರ ಅವರನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಮೇಲಿನ ಬೆಳವಣಿಗೆ. ಹಾವಿನ ಭಯ ಗೆದ್ದವರು ಅಲ್ಲಿಯವರೆಗೆ ಅಂಜಿ ಬದಿಗಿಟ್ಟಿದ್ದ ಬೇರೆ ಕೆಲಸಗಳಿಗೂ ಕೈಹಾಕತೊಡಗಿದ್ದರು. ಇದು ತನ್ನಿಂದಾಗದು ಎಂದು ಗಟ್ಟಿಯಾಗಿ ನಂಬಿದ್ದ ಒಂದು ಸಂಗತಿ ಸುಳ್ಳಾದಾಗ, ಅಂಥದೇ ಉಳಿದ ನಂಬಿಕೆಗಳ ಮೇಲೂ ಅವರಿಗೆ ಅನುಮಾನ ಹುಟ್ಟಿತ್ತು.

ಈ ಅನುಭವದಿಂದ ಬೆಳೆದ ಸಿದ್ಧಾಂತವನ್ನು ಬಂಡೂರ 1977ರಲ್ಲಿ ‘ಸೈಕಲಾಜಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಹೇಳುವ ಸ್ವಸಾಮರ್ಥ್ಯದ ನಂಬಿಕೆಯು ‘ನಾನು ದೊಡ್ಡವನು’ ಎಂಬ ಹೆಮ್ಮೆಯಲ್ಲ. ಒಂದು ನಿರ್ದಿಷ್ಟ ಕೆಲಸದ ವಿಷಯದಲ್ಲಿ ‘ಇದು ನನ್ನಿಂದ ಆಗುತ್ತದೆ’ ಎಂಬ ಅಂದಾಜು. ಆ ಅಂದಾಜು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಗಣಿತದ ಯಾವ ಪ್ರಶ್ನೆಗೂ ಅಳುಕದ ಹುಡುಗನಿಗೆ ವೇದಿಕೆ ಹತ್ತಲು ಕಾಲು ನಡುಗಬಹುದು. ನೂರು ಜನರ ಊಟಕ್ಕೆ ಅಳತೆ ತಪ್ಪದೆ ಅಡುಗೆ ಮಾಡುವ ಹೆಂಗಸು ಬ್ಯಾಂಕಿನಲ್ಲಿ ಚಲನ್ ತುಂಬಲು ಹಿಂದೆಮುಂದೆ ನೋಡಬಹುದು. ಇಬ್ಬರಲ್ಲಿಯೂ ಆತ್ಮವಿಶ್ವಾಸ ಕಡಿಮೆ ಎಂದು ಒಟ್ಟಾರೆ ತೀರ್ಮಾನ ಕೊಡುವುದು ತಪ್ಪು. ಅವರಿಗೆ ಆ ಒಂದು ಕೆಲಸದ ಅನುಭವ ಇನ್ನೂ ಆಗಿಲ್ಲ, ಅಷ್ಟೆ.

ಈ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ಬಂಡೂರ ವಿವರಿಸಿದರು. ಎಲ್ಲಕ್ಕಿಂತ ಬಲವಾದದ್ದು ತಾನೇ ಮಾಡಿ ಗೆದ್ದ ಅನುಭವ. ಅದರ ನಂತರದ್ದು ತನ್ನಂಥವರೇ ಗೆಲ್ಲುವುದನ್ನು ಕಣ್ಣಾರೆ ಕಂಡದ್ದು. ಇಲ್ಲಿ ‘ತನ್ನಂಥವರು’ ಎಂಬುದು ಮುಖ್ಯ. ಎಲ್ಲೋ ದೂರದಲ್ಲಿರುವ ಮಹಾಪುರುಷನ ಸಾಧನೆಗಿಂತ ಅದೇ ಬೀದಿಯ, ಅದೇ ಪರಿಸ್ಥಿತಿಯ ಹುಡುಗಿಯೊಬ್ಬಳು ಪದವಿ ಮುಗಿಸಿದ್ದು ಪಕ್ಕದ ಮನೆಯ ಹುಡುಗಿಗೆ ಹೆಚ್ಚು ಧೈರ್ಯ ಕೊಡುತ್ತದೆ. ಇತರರು ಆಡುವ ಪ್ರೋತ್ಸಾಹದ ಮಾತಿಗೆ ಮೂರನೆಯ ಸ್ಥಾನ. ಆ ಮಾತಿಗೂ ಬೆಲೆಯಿದೆ, ಆದರೆ ಹಿಂದೆಯೇ ಅನುಭವ ಬಂದು ಅದನ್ನು ನಿಜ ಮಾಡದಿದ್ದರೆ ಬಹಳ ಕಾಲ ನಿಲ್ಲುವುದಿಲ್ಲ. ನಾಲ್ಕನೆಯದು ದೇಹದ ಸ್ಥಿತಿಯನ್ನು ಮನಸ್ಸು ಓದಿಕೊಳ್ಳುವ ಬಗೆ. ಎದೆ ಹೊಡೆದುಕೊಳ್ಳುವುದನ್ನು ಒಬ್ಬ ಭಯ ಎಂದುಕೊಂಡರೆ ಇನ್ನೊಬ್ಬ ಉತ್ಸಾಹ ಎಂದುಕೊಳ್ಳುತ್ತಾನೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ ಅಥವಾ ಭಾಷಣ ಮಾಡುವ ಮುನ್ನ ‘ನನಗೆ ಉತ್ಸಾಹವಾಗುತ್ತಿದೆ’ ಎಂದುಕೊಂಡವರು ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ಚೆನ್ನಾಗಿ ನಿಭಾಯಿಸಿದರು.

ಮಾಡಿ ಗೆದ್ದ ಅನುಭವವನ್ನು ಮಕ್ಕಳಿಗೆ ದಿನದಿನವೂ ಒದಗಿಸುವ ಏರ್ಪಾಟು ಹೇಗಿರಬಹುದು ಎಂಬುದಕ್ಕೆ ಕರ್ನಾಟಕದಲ್ಲಿಯೇ ಒಳ್ಳೆಯ ಉದಾಹರಣೆಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳ ಕಲಿಕೆಯ ಕ್ರಮವನ್ನು ನೋಡಿ ಬಂದರು. ಅದನ್ನು ಇಲ್ಲಿಗೆ ಹೊಂದುವಂತೆ ಮಾರ್ಪಡಿಸಿದ್ದೇ ‘ನಲಿ-ಕಲಿ’. ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿಯನ್ನು 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಲಾಯಿತು.

ನಲಿ-ಕಲಿ ಕೊಠಡಿಯಲ್ಲಿ ಸಾಲುಸಾಲು ಬೆಂಚುಗಳಿರುವುದಿಲ್ಲ. ಬೇರೆ ಬೇರೆ ತರಗತಿಯ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಈ ಗುಂಪುಗಳಿಗೆ ‘ತಟ್ಟೆ’ ಎಂದು ಹೆಸರು. ಶಿಕ್ಷಕರ ಪೂರ್ಣ ನೆರವು ಬೇಕಾದವರದು ಒಂದು ತಟ್ಟೆ, ಸ್ವಲ್ಪ ನೆರವು ಸಾಕಾದವರದು ಇನ್ನೊಂದು. ಜೊತೆಯ ಮಕ್ಕಳಿಂದ ಕಲಿಯುವವರಿಗೆ ಎರಡು, ತಾನೇ ಕಲಿಯುವವರಿಗೆ ಒಂದು. ಗೋಡೆಗೆ ತೂಗುಹಾಕಿದ ಕಲಿಕಾ ಏಣಿಯಲ್ಲಿ ಮೆಟ್ಟಿಲುಗಳಿದ್ದು, ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು ಮತ್ತು ಒಂದು ಸಂಖ್ಯೆ. ಮಗು ಏಣಿಯ ಹತ್ತಿರ ಹೋಗಿ ತನ್ನ ಮೆಟ್ಟಿಲು ಯಾವುದೆಂದು ನೋಡಿ, ಅದೇ ಗುರುತಿನ ಕಾರ್ಡನ್ನು ತಾನೇ ಹುಡುಕಿ ತೆಗೆದು, ಆ ಕಾರ್ಡಿಗೆ ಸೇರಿದ ತಟ್ಟೆಯಲ್ಲಿ ಕುಳಿತು ಕೆಲಸ ಮುಗಿಸುತ್ತದೆ. ಮುಗಿದರೆ ಮುಂದಿನ ಮೆಟ್ಟಿಲು. ಜ್ವರ ಬಂದು ಒಂದು ವಾರ ಶಾಲೆ ತಪ್ಪಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ತರಗತಿ ತನ್ನನ್ನು ಬಿಟ್ಟು ಮುಂದೆ ಹೋಯಿತು ಎಂಬ ಅಳುಕಿಲ್ಲ. ಮಗು ಬರೆದ ಚಿತ್ರ, ಅಕ್ಷರಗಳು ತಲೆಯ ಮೇಲೆ ಕಟ್ಟಿದ ಚಪ್ಪರದ ದಾರಗಳಲ್ಲಿ ತೂಗುತ್ತವೆ. ‘ನೀನು ಜಾಣ’ ಎಂದು ಯಾರೂ ಹೇಳಬೇಕಾಗಿಲ್ಲ. ನಿನ್ನೆ ಎಲ್ಲಿದ್ದೆ, ಇವತ್ತು ಎಲ್ಲಿದ್ದೇನೆ ಎಂಬುದು ಮಗುವಿನ ಕಣ್ಣೆದುರಿಗೇ ಇರುತ್ತದೆ. ಕಾರ್ಡುಗಳು ಹರಿದು ಹೊಸವು ಬಾರದ ಕಡೆ, ಒಬ್ಬರೇ ಶಿಕ್ಷಕರು ಇಡೀ ಶಾಲೆ ನೋಡಿಕೊಳ್ಳಬೇಕಾದ ಕಡೆ ಈ ಪದ್ಧತಿ ಕುಂಟುತ್ತದೆ. ಅದರ ಹಿಂದಿರುವ ತಿಳಿವಳಿಕೆ ಮಾತ್ರ ಗಟ್ಟಿಯಾದದ್ದು: ಮೆಟ್ಟಿಲು ಚಿಕ್ಕದಾಗಿರಬೇಕು, ಹತ್ತಿದ್ದು ಕಾಣಬೇಕು.

ಹೊಗಳಿಕೆಯಲ್ಲಿಯೂ ಬಗೆಗಳಿವೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದನೇ ತರಗತಿಯ ಮಕ್ಕಳಿಗೆ ಸುಲಭವಾದ ಒಗಟಿನ ಚಿತ್ರಗಳನ್ನು ಬಿಡಿಸಲು ಕೊಡಲಾಯಿತು. ಚೆನ್ನಾಗಿ ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಬುದ್ಧಿವಂತ’ ಎಂದೂ ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟಿದ್ದೀಯೆ’ ಎಂದೂ ಹೇಳಿದರು. ಆಮೇಲೆ ಕಷ್ಟದ ಒಗಟು ಕೊಟ್ಟು ಎಲ್ಲರೂ ಸೋಲುವಂತೆ ಮಾಡಿ, ಕೊನೆಗೆ ಮತ್ತೆ ಸುಲಭದ್ದನ್ನು ಕೊಟ್ಟರು. ಬುದ್ಧಿವಂತನೆಂದು ಹೊಗಳಿಸಿಕೊಂಡ ಮಕ್ಕಳ ಅಂಕ ಮೊದಲಿಗಿಂತ ಕೆಳಗಿಳಿಯಿತು, ಶ್ರಮಕ್ಕೆ ಮೆಚ್ಚುಗೆ ಪಡೆದವರದು ಏರಿತು. ಬುದ್ಧಿವಂತರೆನಿಸಿಕೊಂಡವರಲ್ಲಿ ಸುಮಾರು ಐವರಿಗೆ ಇಬ್ಬರು ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ತಿಳಿಸುವಾಗ ಹೆಚ್ಚು ಮಾಡಿ ಬರೆದರು. ಪಟ್ಟ ಸಿಕ್ಕಿದ ಮೇಲೆ ಅದನ್ನು ಉಳಿಸಿಕೊಳ್ಳುವ ಚಿಂತೆ ಹತ್ತುತ್ತದೆ. ಈ ಚಿಂತನೆಯಿಂದ ಬೆಳೆದ ಶಾಲಾ ಕಾರ್ಯಕ್ರಮಗಳ ಪರಿಣಾಮ ಆರಂಭದಲ್ಲಿ ಭಾವಿಸಿದ್ದಕ್ಕಿಂತ ಚಿಕ್ಕದು ಎಂದು ನಂತರದ ಸಂಶೋಧನೆಗಳು ಹೇಳಿವೆ. ಆದರೂ ಮಕ್ಕಳೊಡನೆ ಒಡನಾಡುವವರು ನೆನಪಿಡಬೇಕಾದ ಪ್ರಯೋಗವಿದು. ‘ವೆರಿ ಗುಡ್’ ಎಂಬ ಸೀಲಿಗಿಂತ ‘ಹೋದ ವಾರ ಒತ್ತಕ್ಷರ ತಪ್ಪುತ್ತಿತ್ತು, ಈ ಪುಟದಲ್ಲಿ ಒಂದೂ ತಪ್ಪಿಲ್ಲ’ ಎಂಬ ಮಾತು ಮಗುವಿಗೆ ಏನಾದರೊಂದನ್ನು ತಿಳಿಸುತ್ತದೆ.

ತನಗೆ ತಾನೇ ಹೇಳಿಕೊಳ್ಳುವ ಹೊಗಳಿಕೆಯ ಕಥೆ ಇನ್ನೂ ಎಚ್ಚರದಿಂದ ನೋಡಬೇಕಾದದ್ದು. ಕನ್ನಡಿಯ ಮುಂದೆ ನಿಂತು ‘ನಾನು ಗೆಲ್ಲುತ್ತೇನೆ, ನಾನು ಶ್ರೇಷ್ಠ’ ಎಂದು ಜಪಿಸಲು ವ್ಯಕ್ತಿತ್ವ ವಿಕಸನದ ಎಷ್ಟೋ ತರಬೇತಿಗಳು ಹೇಳಿಕೊಡುತ್ತವೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪರೀಕ್ಷಿಸಿದರು. ‘ನಾನು ಪ್ರೀತಿಗೆ ಅರ್ಹ’ ಎಂಬರ್ಥದ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಮೊದಲೇ ತಮ್ಮ ಬಗ್ಗೆ ಒಳ್ಳೆಯ ಭಾವನೆಯಿದ್ದವರಿಗೆ ತುಸು ಹಿತವಾಯಿತು. ತಮ್ಮ ಬಗ್ಗೆ ಕೀಳರಿಮೆಯಿದ್ದವರ ಮನಸ್ಸು ಮಾತ್ರ ಇನ್ನಷ್ಟು ಕುಗ್ಗಿತು. ಯಾರಿಗೆ ಬಲ ಬೇಕಾಗಿತ್ತೋ ಅವರಿಗೇ ಅದು ಎದುರು ತಿರುಗಿತು. ಪುರಾವೆಯಿಲ್ಲದ ಮಾತನ್ನು ಮನಸ್ಸು ಒಪ್ಪುವುದಿಲ್ಲ; ಒಪ್ಪದಿರಲು ಕಾರಣಗಳನ್ನು ಒಂದೊಂದಾಗಿ ಮುಂದಿಡುತ್ತದೆ.

ಜಪಕ್ಕಿಂತ ಸೋತಾಗ ತನ್ನೊಡನೆ ತಾನು ಮೆತ್ತಗೆ ನಡೆದುಕೊಳ್ಳುವುದು ಉಪಯುಕ್ತ ಎಂದು ಕಂಡುಬಂದಿದೆ. ಬರ್ಕ್ಲಿಯ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಕಠಿಣವಾದ ಪದಪರೀಕ್ಷೆ ಕೊಟ್ಟರು. ಹೆಚ್ಚಿನವರು ಸರಿಯಾಗಿ ಬರೆಯಲಿಲ್ಲ. ‘ಇದು ಎಷ್ಟೋ ಜನಕ್ಕೆ ಕಷ್ಟವಾಗುತ್ತದೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ’ ಎಂದು ಹೇಳಿಸಿಕೊಂಡವರು ಮರುಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಸಡಿಲ ಬಿಟ್ಟರೆ ಸೋಮಾರಿಯಾಗುತ್ತಾರೆ ಎಂಬ ಭಯದಿಂದ ಮಕ್ಕಳನ್ನು ಹಂಗಿಸುವ ಹಿರಿಯರು, ತಮ್ಮನ್ನೇ ಹಳಿದುಕೊಳ್ಳುವ ದೊಡ್ಡವರು ಇಬ್ಬರೂ ಗಮನಿಸಬೇಕಾದ ಫಲಿತಾಂಶ ಇದು.

ದಯೆಯ ವಿಷಯಕ್ಕೆ ಬಂದರೆ, ಜನ ಅದನ್ನು ಕಡಿಮೆ ಮಾಡುವುದು ಕಲ್ಲು ಮನಸ್ಸಿನಿಂದಲ್ಲ. ತಾನು ಮಾಡುವ ಇಷ್ಟು ಚಿಕ್ಕ ಉಪಕಾರದಿಂದ ಏನಾದೀತು ಎಂಬ ತಪ್ಪು ಲೆಕ್ಕದಿಂದ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಈ ಲೆಕ್ಕವನ್ನು ಶಿಕಾಗೊ ನಗರದ ಚಳಿಗಾಲದಲ್ಲಿ ಪರೀಕ್ಷಿಸಿದರು. ಮಂಜಿನ ಮೇಲೆ ಜಾರುವ ಆಟಕ್ಕೆ ಬಂದವರಿಗೆ ಒಂದು ಲೋಟ ಬಿಸಿ ಚಾಕೊಲೇಟ್ ಪಾನೀಯ ಕೊಟ್ಟು, ತಾವೇ ಕುಡಿಯಬಹುದು ಅಥವಾ ಅಲ್ಲಿರುವ ಅಪರಿಚಿತರೊಬ್ಬರಿಗೆ ಕೊಡಬಹುದು ಎಂದರು. ಹೆಚ್ಚಿನವರು ಕೊಡಲು ಒಪ್ಪಿದರು. ಕೊಟ್ಟವರನ್ನು ‘ಇದು ಪಡೆದವರಿಗೆ ಎಷ್ಟು ದೊಡ್ಡದೆನಿಸೀತು?’ ಎಂದು ಕೇಳಿದಾಗ ಅವರು ಹಾಕಿದ ಅಂದಾಜು ಸಣ್ಣದು. ಪಡೆದವರನ್ನು ಕೇಳಿದಾಗ ಬಂದ ಉತ್ತರ ಅದಕ್ಕಿಂತ ಬಹಳ ದೊಡ್ಡದು. ಕೊಡುವವನು ವಸ್ತುವಿನ ಬೆಲೆ ನೋಡುತ್ತಾನೆ: ಒಂದು ಲೋಟ ಪಾನೀಯ. ಪಡೆಯುವವನಿಗೆ ಕಾಣುವುದು ಬೇರೆ: ಗುರುತು ಪರಿಚಯವಿಲ್ಲದ ಒಬ್ಬರು ತನ್ನನ್ನು ಗಮನಿಸಿದರು. ರೈಲಿನಲ್ಲಿ ಮೇಲಿನ ಬರ್ತ್ ಹತ್ತಲಾರದ ವೃದ್ಧರಿಗೆ ಕೆಳಗಿನದನ್ನು ಬಿಟ್ಟುಕೊಡುವವರಿಗೆ ಅದು ಒಂದು ರಾತ್ರಿಯ ಅನಾನುಕೂಲ. ಆ ವೃದ್ಧರು ಊರು ತಲುಪಿದ ಮೇಲೂ ಅದನ್ನು ನಾಲ್ಕು ಜನಕ್ಕೆ ಹೇಳುತ್ತಾರೆ.

ಕೊಡುವವರಿಗೂ ಇದರಲ್ಲಿ ಪಾಲಿದೆ. ಎಲಿಜಬೆತ್ ಡನ್, ಲಾರಾ ಆಕ್ನಿನ್ ಮತ್ತು ಮೈಕೆಲ್ ನಾರ್ಟನ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಬೆಳಗ್ಗೆ ಜನರ ಕೈಗೆ ಐದು ಅಥವಾ ಇಪ್ಪತ್ತು ಡಾಲರ್ ಇರುವ ಲಕೋಟೆ ಕೊಟ್ಟು, ಸಂಜೆ ಐದರೊಳಗೆ ಕೆಲವರು ತಮಗಾಗಿ, ಕೆಲವರು ಬೇರೆಯವರಿಗಾಗಿ ಖರ್ಚು ಮಾಡಬೇಕೆಂದು ಹೇಳಿದರು. ಸಂಜೆಗೆ ಹೆಚ್ಚು ಸಂತೋಷದಿಂದಿದ್ದವರು ಬೇರೆಯವರಿಗಾಗಿ ಖರ್ಚು ಮಾಡಿದವರು. ಐದೋ ಇಪ್ಪತ್ತೋ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಇದನ್ನು ಮೊದಲೇ ಊಹಿಸಲು ಕೇಳಿದ ಇನ್ನೊಂದು ಗುಂಪು ಮಾತ್ರ ತನಗಾಗಿ, ಅದೂ ಇಪ್ಪತ್ತು ಡಾಲರ್ ಖರ್ಚು ಮಾಡಿದವರೇ ಹೆಚ್ಚು ಸಂತೋಷಪಟ್ಟಾರು ಎಂದಿತ್ತು.

ದಯೆಯ ಕೆಲಸ ವಾಡಿಕೆಯಾಗಿಬಿಟ್ಟರೆ ಅದು ಕೊಡುವ ಹುರುಪು ಸವೆಯುತ್ತದೆ ಎಂಬುದೂ ನಿಜ. ಸೋನ್ಯಾ ಲ್ಯೂಬೊಮಿರ್ಸ್ಕಿ ಅವರ ಅಧ್ಯಯನದಲ್ಲಿ ವಾರಕ್ಕೆ ಐದು ಉಪಕಾರಗಳನ್ನು ಒಂದೇ ದಿನ ಮಾಡಿದವರ ನೆಮ್ಮದಿ ಏರಿತು. ಅದೇ ಐದನ್ನು ವಾರವಿಡೀ ಹಂಚಿಕೊಂಡು ಮಾಡಿದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಚಿಕ್ಕ ಚಿಕ್ಕ ಕೆಲಸಗಳು ದಿನಚರಿಯಲ್ಲಿ ಕರಗಿ ಹೋಗಿ ಮನಸ್ಸಿನ ಗಮನಕ್ಕೆ ಬಾರದಿದ್ದುದು ಇದಕ್ಕೆ ಕಾರಣವಿರಬಹುದು. ರೋಗಿಗಳನ್ನು, ವೃದ್ಧರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಮನೆಯ ಹೆಂಗಸರು ದಣಿಯುವುದಕ್ಕೂ ಇದಕ್ಕೂ ಸಂಬಂಧವಿದೆ. ಅವರು ಮಾಡುವುದು ದಯೆಯ ಕೆಲಸವೇ. ಆದರೆ ಅದನ್ನು ಯಾರೂ ಗುರುತಿಸುವುದಿಲ್ಲ, ಬಿಡುವಿಲ್ಲ, ಬೇಡವೆನ್ನುವ ಆಯ್ಕೆಯೂ ಇಲ್ಲ. ಅಂಥವರಿಗೆ ಇನ್ನಷ್ಟು ತ್ಯಾಗದ ಪಾಠ ಹೇಳುವುದು ಕ್ರೌರ್ಯ; ವಾರದಲ್ಲಿ ಅರ್ಧ ದಿನ ಅವರ ಕೆಲಸವನ್ನು ಬೇರೊಬ್ಬರು ವಹಿಸಿಕೊಂಡರೆ ಅದೇ ಅವರಿಗೆ ಸಲ್ಲುವ ಉಪಕಾರ.

ಕೃತಜ್ಞತೆಯನ್ನು ಪ್ರಯೋಗಶಾಲೆಗೆ ತಂದ ಅಧ್ಯಯನ 2003ರದು. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಹತ್ತು ವಾರ ಕಾಲ ವಾರಕ್ಕೊಮ್ಮೆ ಬರೆಯಲು ಹೇಳಿದರು. ಒಂದು ಗುಂಪು ತಾನು ಕೃತಜ್ಞವಾಗಿರುವ ಐದು ಸಂಗತಿಗಳನ್ನು, ಇನ್ನೊಂದು ಕಿರಿಕಿರಿ ಮಾಡಿದ ಐದನ್ನು, ಮೂರನೆಯದು ಸುಮ್ಮನೆ ನಡೆದ ಐದನ್ನು ಬರೆಯಿತು. ಮೊದಲ ಗುಂಪಿನವರು ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು, ದೇಹದ ನೋವು ನರಳಿಕೆಗಳ ದೂರು ಅವರಲ್ಲಿ ಕಡಿಮೆಯಿತ್ತು, ವ್ಯಾಯಾಮವನ್ನೂ ಹೆಚ್ಚು ಮಾಡಿದ್ದರು. ನರ ಮತ್ತು ಸ್ನಾಯು ರೋಗದಿಂದ ಬಳಲುತ್ತಿದ್ದವರು ಮೂರು ವಾರ ಹೀಗೆ ಬರೆದಾಗ ಅವರ ನಿದ್ದೆ ಸುಧಾರಿಸಿತು. 2005ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು, ಹಿಂದೆ ಉಪಕಾರ ಮಾಡಿದವರಿಗೆ ಪತ್ರ ಬರೆದು ಅವರೆದುರು ಹೋಗಿ ಓದುವ ಅಭ್ಯಾಸವನ್ನು ಪರೀಕ್ಷಿಸಿದರು. ಅದರಿಂದ ಸಂತೋಷ ತಟ್ಟನೆ ಏರಿತು, ಒಂದು ತಿಂಗಳ ನಂತರ ಇಳಿಯುತ್ತ ಬಂತು. ದಿನವೂ ನಡೆದ ಮೂರು ಒಳ್ಳೆಯ ಸಂಗತಿಗಳನ್ನು, ಅವು ಯಾಕೆ ನಡೆದವೆಂಬ ಕಾರಣದೊಡನೆ ಬರೆದಿಟ್ಟವರಲ್ಲಿ ಪರಿಣಾಮ ನಿಧಾನವಾಗಿ ಬಂದು ಆರು ತಿಂಗಳವರೆಗೂ ಉಳಿಯಿತು. ‘ಯಾಕೆ’ ಎಂಬ ಆ ಒಂದು ಪ್ರಶ್ನೆ ಮುಖ್ಯ. ‘ಇವತ್ತು ಬಸ್ಸು ಸಿಕ್ಕಿತು’ ಎಂದು ಬರೆದರೆ ಅದೃಷ್ಟದ ಮಾತಾಯಿತು. ಓಡಿ ಬರುತ್ತಿದ್ದವಳನ್ನು ಕನ್ನಡಿಯಲ್ಲಿ ನೋಡಿ ಚಾಲಕ ಅರ್ಧ ನಿಮಿಷ ಕಾದ ಎಂದು ಬರೆದರೆ ಅಲ್ಲೊಬ್ಬ ಮನುಷ್ಯ ಕಾಣುತ್ತಾನೆ.

ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳಲು ಜನ ಹಿಂಜರಿಯುವುದಕ್ಕೆ ಕಾರಣ ಸಂಕೋಚ. ಕುಮಾರ್ ಮತ್ತು ಎಪ್ಲಿ 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರವಾದೀತು, ತಮ್ಮ ಭಾಷೆ ಸಾಲದೆಂದು ಕಂಡೀತು ಎಂದು ಚಿಂತಿಸಿದ್ದರು. ಓದಿದವರಿಗೆ ಭಾಷೆಯ ಕಡೆ ಲಕ್ಷ್ಯವೇ ಇರಲಿಲ್ಲ. ಬರೆದವರು ಊಹಿಸಿದ್ದಕ್ಕಿಂತ ಹೆಚ್ಚು ಅಚ್ಚರಿಯೂ ಸಂತೋಷವೂ ಅವರಿಗಾಗಿತ್ತು. ಕೆಲಸದ ಜಾಗದಲ್ಲಿ ಒಂದು ಧನ್ಯವಾದ ಮಾಡುವ ವ್ಯತ್ಯಾಸವನ್ನು ಆ್ಯಡಂ ಗ್ರ್ಯಾಂಟ್ ಮತ್ತು ಫ್ರಾನ್ಸೆಸ್ಕಾ ಜಿನೊ 2010ರಲ್ಲಿ ಅಳೆದರು. ಉದ್ಯೋಗದ ಅರ್ಜಿಪತ್ರವನ್ನು ತಿದ್ದಿಕೊಟ್ಟವರಿಗೆ ಬರೀ ‘ತಲುಪಿತು’ ಎಂಬ ಉತ್ತರ ಬಂದಾಗ ಮುಂದಿನ ಕೋರಿಕೆಗೆ ನೆರವಾದವರು ಶೇ 32. ಅದೇ ಉತ್ತರದೊಡನೆ ಒಂದು ಧನ್ಯವಾದ ಸೇರಿದಾಗ ಶೇ 66. ಹೀಗಾಗಲು ಕಾರಣವನ್ನೂ ಅವರು ಹುಡುಕಿದರು: ನೆರವಾದವರಿಗೆ ತಮ್ಮ ಶ್ರಮಕ್ಕೆ ಬೆಲೆಯಿದೆ ಎಂಬ ಖಾತ್ರಿ ಸಿಕ್ಕಿತ್ತು.

ಇಲ್ಲಿ ಕನ್ನಡದ ಮನೆಗಳ ರೀತಿಯನ್ನು ಮರೆಯುವಂತಿಲ್ಲ. ಊಟ ಬಡಿಸಿದ ಅಮ್ಮನಿಗೆ ಮಗ ‘ಧನ್ಯವಾದ’ ಎಂದರೆ ಆಕೆಗೆ ಮೆಚ್ಚುಗೆಗಿಂತ ಕಸಿವಿಸಿಯೇ ಹೆಚ್ಚಾದೀತು. ದಕ್ಷಿಣ ಭಾರತದಲ್ಲಿ ಕೃತಜ್ಞತೆ ಮಾತಿಗಿಂತ ನಡೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ತಮಿಳು ಸಮಾಜವನ್ನು ಇಟ್ಟುಕೊಂಡು 1985ರಲ್ಲಿಯೇ ಬರೆದಿದ್ದರು. ಅದು ದಕ್ಷಿಣದವರ ಕೊರತೆಯೇನೂ ಅಲ್ಲ. ಜಗತ್ತಿನ ಎಂಟು ಭಾಷೆಗಳ ನಿತ್ಯದ ಮಾತುಕತೆಯನ್ನು ಧ್ವನಿಮುದ್ರಿಸಿ ನೋಡಿದ 2018ರ ಅಧ್ಯಯನವೊಂದರಲ್ಲಿ, ಕೇಳಿದ ಚಿಕ್ಕಪುಟ್ಟ ನೆರವು ಸಿಕ್ಕಾಗ ಧನ್ಯವಾದ ಹೇಳಿದ್ದು ಸರಾಸರಿ ಇಪ್ಪತ್ತರಲ್ಲಿ ಒಂದು ಸಲ. ಹತ್ತಿರದವರ ನಡುವೆ ಸಹಾಯ ಸಹಜವೆಂದೇ ಎಲ್ಲೆಡೆ ಜನ ನಡೆದುಕೊಳ್ಳುತ್ತಾರೆ. ಪಕ್ಕದ ಮನೆಯಿಂದ ಪಾಯಸ ಬಂದ ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸದಿರುವುದು, ತುಂಬ ಹಸಿದಾಗ ಊಟ ಹಾಕಿದವರಿಗೆ ‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಎನ್ನುವುದು, ನಾಟಿಯ ಹೊತ್ತಿಗೆ ಬಂದು ದುಡಿದವರ ಗದ್ದೆಗೆ ಮುಯ್ಯಾಳಾಗಿ ಹೋಗುವುದು, ಎಲ್ಲವೂ ಈ ನೆಲದ ಕ್ರಮಗಳು. ಅವು ಉಳಿದಿರುವ ಕಡೆ ಹೊಸದಾಗಿ ಕೃತಜ್ಞತೆಯ ದಿನಚರಿ ಪುಸ್ತಕ ಕೊಳ್ಳಬೇಕಾಗಿಲ್ಲ. ನಗರಗಳಿಗೆ ಬಂದು ಮನೆ ಬದಲಿಸುತ್ತ ಬದುಕುವವರಿಗೆ ಡಬ್ಬಿ ಹಿಂತಿರುಗಿಸುವ ನೆರೆಮನೆಯೇ ಇಲ್ಲದಿರಬಹುದು. ಅಲ್ಲಿ ಬಾಯಿಬಿಟ್ಟು ಹೇಳುವ ಅಭ್ಯಾಸ ಬೆಳೆಸಿಕೊಳ್ಳುವುದು ಒಳ್ಳೆಯದು.

ಕೃತಜ್ಞತೆಯ ಪಕ್ಕದಲ್ಲಿಯೇ ಋಣದ ಭಾರ ಕೂತಿರುತ್ತದೆ. ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರ 2006ರ ಅಧ್ಯಯನ ಇವೆರಡನ್ನೂ ಬೇರ್ಪಡಿಸಿ ತೋರಿಸಿತು. ಉಪಕಾರ ಮಾಡಿದವರು ಪ್ರತಿಯಾಗಿ ಏನನ್ನೋ ನಿರೀಕ್ಷಿಸುತ್ತಿದ್ದಾರೆಂದು ಕಂಡಷ್ಟೂ ಪಡೆದವರಲ್ಲಿ ಕೃತಜ್ಞತೆ ತಗ್ಗಿ, ತೀರಿಸಬೇಕೆಂಬ ಹೊರೆ ಹೆಚ್ಚಿತು. ಮಾಡಿದ್ದನ್ನು ನಾಲ್ಕು ಜನರೆದುರು ಎತ್ತಿ ಆಡುವವರ ಮನೆಗೆ ಯಾರೂ ಎರಡನೇ ಸಲ ನೆರವು ಕೇಳಿಕೊಂಡು ಹೋಗುವುದಿಲ್ಲ.

ಆತ್ಮವಿಶ್ವಾಸ, ದಯೆ, ಕೃತಜ್ಞತೆ ಮೂರೂ ಒಂದೇ ಕಡೆ ಕೂಡಿದ ಉದಾಹರಣೆ ಬೇಕೆಂದರೆ ಮಹಿಳೆಯರ ಸ್ವಸಹಾಯ ಸಂಘಗಳನ್ನು ನೋಡಬೇಕು. 1968ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈರಾಡ ಸಂಸ್ಥೆ 1980ರ ದಶಕದ ನಡುವೆ ಹಳ್ಳಿಗಳಲ್ಲಿ ಇಂಥ ಪುಟ್ಟ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭಿಸಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ. ಒಂದು ಸಂಘದ ಒಳಗೆ ನಡೆಯುವುದನ್ನು ಗಮನಿಸಿದರೆ ಬಂಡೂರ ಹೇಳಿದ್ದೆಲ್ಲ ಅಲ್ಲಿ ಕಾಣುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದವರು ನಡಾವಳಿ ಪುಸ್ತಕದಲ್ಲಿ ಸಹಿ ಹಾಕಲು ಕಲಿಯುತ್ತಾರೆ. ಪ್ರತಿನಿಧಿಯ ಸರದಿ ಬಂದಾಗ, ಜೊತೆಗೊಬ್ಬರನ್ನು ಕರೆದುಕೊಂಡಾದರೂ ಬ್ಯಾಂಕಿನ ಮೆಟ್ಟಿಲು ಹತ್ತಲೇಬೇಕು. ತನ್ನ ಹಾಗೆಯೇ ಓದದ ಪಕ್ಕದ ಮನೆಯಾಕೆ ಮ್ಯಾನೇಜರ್ ಎದುರು ಕುರ್ಚಿಯಲ್ಲಿ ಕುಳಿತು ಮಾತಾಡಿ ಬಂದದ್ದನ್ನು ಕಂಡವಳಿಗೆ ಮುಂದಿನ ಸಲ ಅಷ್ಟು ಭಯವಿರುವುದಿಲ್ಲ. ಯಾರ ಸಾಲ ಮೊದಲು ಎಂಬುದನ್ನು ಗುಂಪೇ ತೀರ್ಮಾನಿಸುವಾಗ, ಮಗುವಿನ ಆಸ್ಪತ್ರೆ ಖರ್ಚಿರುವಾಕೆಗೆ ಉಳಿದವರು ತಮ್ಮ ಸರದಿ ಬಿಟ್ಟುಕೊಡುತ್ತಾರೆ. ಅದನ್ನು ಪಡೆದಾಕೆ ಕಂತು ತಪ್ಪಿಸದಿರಲು ಬಡ್ಡಿಯ ಭಯಕ್ಕಿಂತ ಆ ನೆನಪೇ ದೊಡ್ಡ ಕಾರಣ.

ಗುಂಪಿನ ಇದೇ ಬಲ ವಸೂಲಿಯ ಸಾಧನವಾದಾಗ ಏನಾಗುತ್ತದೆ ಎಂಬುದನ್ನೂ ಕರ್ನಾಟಕ ಕಂಡಿದೆ. ಖಾಸಗಿ ಕಿರುಸಾಲದ ವ್ಯವಹಾರದಲ್ಲಿ ಕಂತು ತಪ್ಪಿದವರ ಮನೆಮುಂದೆ ಕೂತು ಮಾನ ಕಳೆಯುವ ಪ್ರಕರಣಗಳು ಹೆಚ್ಚಿ, ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಕೃತಜ್ಞತೆಯ ಉಪದೇಶವೂ ಹೀಗೆಯೇ ದಾರಿ ತಪ್ಪಬಲ್ಲದು. ಸಂಬಳ ಹೆಚ್ಚಿಸಿ ಎಂದು ಕೇಳಿದ ಮನೆಗೆಲಸದಾಕೆಗೆ ‘ಇಷ್ಟಾದರೂ ಸಿಗುತ್ತಿದೆಯಲ್ಲ’ ಎನ್ನುವುದು, ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದವಳಿಗೆ ‘ಇರುವುದರಲ್ಲಿ ತೃಪ್ತಿಪಡು’ ಎನ್ನುವುದು ಕೃತಜ್ಞತೆಯ ಪಾಠವಲ್ಲ, ಬಾಯಿ ಮುಚ್ಚಿಸುವ ಉಪಾಯ. ಕೃತಜ್ಞತೆ ಒಳ್ಳೆಯದನ್ನು ಗುರುತಿಸಬೇಕು. ಕೆಟ್ಟದ್ದನ್ನು ಮುಚ್ಚುವ ಬಟ್ಟೆಯಾಗಬಾರದು.

ಈ ಅಭ್ಯಾಸಗಳು ನಿತ್ಯದ ಬೇಸರ, ಹಿಂಜರಿಕೆಗಳಿಗೆ ಒದಗುತ್ತವೆಯೇ ಹೊರತು ಕಾಯಿಲೆಗೆ ಔಷಧವಲ್ಲ. ಕೃತಜ್ಞತೆಯ ಅಭ್ಯಾಸದಿಂದ ಖಿನ್ನತೆ ಮತ್ತು ಆತಂಕಗಳ ಮೇಲೆ ಆಗುವ ಪರಿಣಾಮ ಚಿಕ್ಕದು ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2021ರ ವಿಶ್ಲೇಷಣೆ ತಿಳಿಸಿದೆ. ಚಿಕಿತ್ಸೆಯ ಜೊತೆಗೆ ಮಾತ್ರ ಅದು ನೆರವಾಗಬಹುದು. ಅಮೆರಿಕದ ಇಂಡಿಯಾನಾದಲ್ಲಿ ಆಪ್ತಸಲಹೆ ಪಡೆಯುತ್ತಿದ್ದ ಸುಮಾರು 300 ವಿದ್ಯಾರ್ಥಿಗಳ ಅಧ್ಯಯನದಲ್ಲಿ, ಕೃತಜ್ಞತೆಯ ಪತ್ರಗಳನ್ನೂ ಬರೆದವರು ಹನ್ನೆರಡು ವಾರಗಳ ನಂತರ ಉಳಿದವರಿಗಿಂತ ಚೇತರಿಸಿಕೊಂಡಿದ್ದರು. ಆ ಪತ್ರಗಳಲ್ಲಿ ಹೆಚ್ಚಿನವನ್ನು ಅವರು ಕಳಿಸಿಯೇ ಇರಲಿಲ್ಲ.

ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದು, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಹಸಿವು ಕೆಟ್ಟಿದ್ದರೆ ಅಲ್ಲಿ ಹುರುಪಿನ ಮಾತು ಸಾಲದು, ವೈದ್ಯರು ಬೇಕು. ಬದುಕು ಬೇಡವೆನಿಸಿದರೆ ಎರಡು ವಾರ ಕಾಯುವುದೂ ಸಲ್ಲದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ರಾಷ್ಟ್ರಮಟ್ಟದ ಮಾರ್ಗದರ್ಶಿ ಸಂಸ್ಥೆ. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಲಹೆಗಾರರು ಮಾತಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆಗೆ ಜೋಡಿಸುತ್ತಾರೆ. ಕಷ್ಟದಲ್ಲಿರುವವರ ಪರವಾಗಿ ಮನೆಯವರೂ ಸ್ನೇಹಿತರೂ ಕರೆ ಮಾಡಿ ವಿಚಾರಿಸಬಹುದು.